ಆರು ನಿಮಿಷ ಖಾಲಿಯಾದ ಪರದೆ

"ಒತ್ತಬೇಡಿ."

ಮಾರ್ಗೋ ವೆಸ್ಟ್‌ಲಂಡ್ ತಿರುಗಿ ನೋಡಿದಳು. ಎಂದೂ ಕಾಣದ ಗಂಡಸೊಬ್ಬ ಅವಳ ಕೀಬೋರ್ಡಿನ ಮೇಲೆ ಅಂಗೈ ಅಡ್ಡ ಇಟ್ಟಿದ್ದ.

"ಯಾರ್ರೀ ನೀವು?"

"ಡೀನ್ ಒಕಾಡಾ. ಇವತ್ತೇ ಸೇರ್ಕೊಂಡೆ. ನಿಮ್ಮ ಕೋಡ್ ಓದ್ದೆ... ಡಿಸ್ಕ್ ಜೋಡಣೆ ಆಗೋ ಮುಂಚೇನೇ ಡೇಟಾಬೇಸ್ ಶುರುವಾಗ್ಬಿಡಬಹುದು. ಆಗ ಪಟ್ಟಿಗಳೆಲ್ಲ ಖಾಲಿ ಕಾಣುತ್ವೆ."

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಸಣ್ಣ ಜಿಲ್ಲೆಯಂಥ ಕೌಂಟಿಯೊಂದರ ಆಂಬುಲೆನ್ಸ್ ಕರೆಗಳೆಲ್ಲ ಸೇರುತ್ತಿದ್ದ ಕಚೇರಿ ಅದು. ಅಲ್ಲಿಯ ಸರ್ವರ್‌ಗಳನ್ನು ಸಜ್ಜುಗೊಳಿಸುವ ಕೋಡನ್ನು ಮಾರ್ಗೋ ಮೂರು ತಿಂಗಳು ಕೂತು ಬರೆದಿದ್ದಳು. ಎಂಟರ್ ಒತ್ತಿದರೆ ಅದು ಓಡತೊಡಗುತ್ತಿತ್ತು.

"ಕೋಡಲ್ಲಿ ಮೊದಲು ಡಿಸ್ಕಿನ ಭಾಗ, ಅಂದ್ರೆ ಡಿಸ್ಕ್ ಮಾಡ್ಯೂಲ್ ಓಡುತ್ತೆ, ಆಮೇಲೆ ಡೇಟಾಬೇಸ್ ಮಾಡ್ಯೂಲ್. ಕ್ರಮ ಬರ್ದಿದೀನಲ್ಲ, ಕಾಣ್ಸಲ್ವಾ? ಹದಿನೆಂಟು ಸಲ ಪರೀಕ್ಷೆ ಮಾಡಿದೀನಿ."

"ಅದೃಷ್ಟಕ್ಕೆ ಸರಿ ಬಂದಿರಬಹುದು..."

ಅದೃಷ್ಟ ಅಂತೆ! ಅವಳು ಅವನ ಕೈ ಸರಿಸಿ ಎಂಟರ್ ಒತ್ತಿದಳು.

ಮೊದಲ ಸರ್ವರ್ ಸರಿಯಾಗಿ ಎದ್ದಿತು. ಎರಡನೆಯದೂ ಎದ್ದಿತು. ಅಷ್ಟರಲ್ಲಿ ಗಾಜಿನ ಗೋಡೆಯಾಚೆ ಕರೆ ಸ್ವೀಕರಿಸುವ ಹೆಂಗಸೊಬ್ಬಳು ಎದ್ದು ನಿಂತಳು.

"ನನ್ನ ಪಟ್ಟಿ ಖಾಲಿ... ವಿಳಾಸ ಎಲ್ಲಾ ಹೋಯ್ತು."

ಮಾರ್ಗೋ ಗಾಜಿನಾಚೆ ನೋಡಿದಳು. ಯಾರಿಗೋ ಉಸಿರು ಸಿಕ್ಕಿಕೊಂಡಿದೆ. ಯಾರೋ ಬಾಗಿಲು ತೆರೆದಿಟ್ಟು ಕಾಯುತ್ತಿದ್ದಾರೆ. ಎಲ್ಲಿ?

"ಎಲ್ಲರೂ ಕಾಗದದ ಮೇಲೆ ಬರ್ಕೊಳ್ಳಿ," ಎಂದು ಮುಖ್ಯಸ್ಥೆ ಲೊರೆಟಾ ಕೂಗುತ್ತಿದ್ದಳು.

ಡೀನ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. "ಮಾರ್ಗೋ, ಇಲ್ಲಿ ನೋಡಿ. ಡಿಸ್ಕ್ ಜೋಡ್ಸೋ ತುಂಡನ್ನ ನಿಮ್ಮ ಮಾಡ್ಯೂಲ್ ಕರೆಯುತ್ತೆ, ಆದ್ರೆ ತನ್ನೊಳಗೆ ಹಿಡ್ಕೊಂಡಿಲ್ಲ. ನೀವು ಬರೆದ ಕ್ರಮ ಹೊರಗಿನ ಮಾಡ್ಯೂಲ್‌ಗೆ ಮಾತ್ರ. ಆ ತುಂಡು ಯಾವಾಗ ಬೇಕಾದ್ರೂ ಓಡುತ್ತೆ, ಡೇಟಾಬೇಸ್ ಎದ್ದ ಮೇಲೂ."

ಬದಲಿಸಬೇಕಾದದ್ದು ಒಂದೇ ಪದ. ಅವಳ ಬೆರಳು ಮೂರು ಸಲ ತಪ್ಪಿತು. ಅವನು ಬೈಯಲಿಲ್ಲ, ಕೀಬೋರ್ಡ್ ಕಸಿದುಕೊಳ್ಳಲಿಲ್ಲ. ಅಕ್ಷರ ಅಕ್ಷರವಾಗಿ ಹೇಳಿಕೊಟ್ಟ.

ಆರು ನಿಮಿಷದ ಮೇಲೆ ಹೆಸರು, ವಿಳಾಸಗಳು ಪರದೆಗೆ ಮರಳಿದವು. ಆ ಹೊತ್ತು ಆಂಬುಲೆನ್ಸಿಗಾಗಿ ಕಾಯುತ್ತಿದ್ದ ನಾಲ್ವರೂ ಬದುಕಿದ್ದರು.

ಭಯ ಮಾತ್ರ ಹೋಗಲಿಲ್ಲ. ಮರುದಿನ, ಆ ಆರು ನಿಮಿಷದ ಬಗ್ಗೆ ಡೀನ್ ವರದಿ ಬರೆಯುತ್ತಿದ್ದಾನೆ ಎಂಬ ಸುದ್ದಿ ಬಂತು.

'ನನ್ನ ಹೆಸರು ಬರೀತಾನೆ. ನೋಡಿ, ಹೇಳಿದ್ದೆ ಅಂತಾನೆ...'

ಎಂಟು ದಿನ ಅವಳು ಅವನ ಕಣ್ಣು ತಪ್ಪಿಸಿ ಓಡಾಡಿದಳು. ಅವನು ಮಾತಾಡಲು ಬಂದಾಗಲೆಲ್ಲ ಕೆಲಸವಿದೆ ಎಂದಳು.

ಒಂಬತ್ತನೆಯ ದಿನ ಲೊರೆಟಾ ಅವಳನ್ನು ಕರೆದು ವರದಿಯನ್ನು ಮುಂದಿಟ್ಟಳು. "ಓದು."

'ಇದೇ ತಪ್ಪನ್ನು ಹಿಂದಿನ ಕೆಲಸದಲ್ಲಿ ನಾನು ಮಾಡಿದ್ದೆ. ಒಬ್ಬರು ಸತ್ತರು. ಅದನ್ನು ಹೇಳಿದ್ದರೆ ಮಾರ್ಗೋ ಖಂಡಿತ ನಿಲ್ಲಿಸುತ್ತಿದ್ದರು. ಹೇಳಲು ನಾಚಿದೆ. ಹೊಣೆ ನನ್ನದು.'

ಅವಳು ಮೆಟ್ಟಿಲಿಳಿದು ಓಡಿದಳು. ಡೀನ್ ಪಾರ್ಕಿಂಗ್ ಜಾಗದಲ್ಲಿ ತನ್ನ ಟ್ರಕ್ಕಿನ ಹಿಂಬದಿಯಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಎಂಟರ್ ಒತ್ತಿದ್ದು ನಾನು. ಹಾಗಂತ ನಾನೇ ಬರ್ದು ಕೊಡ್ತೀನಿ. ನೀವ್ಯಾಕೆ ಹೊತ್ಕೊಂಡ್ರಿ?"

"ಒಬ್ರೇ ಹೊತ್ಕೊಂಡ್ರೆ ಏನಾಗುತ್ತೆ ಅಂತ ಗೊತ್ತು. ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ನಾನು."

ಅವಳು ಪಕ್ಕದಲ್ಲಿ ಕೂತಳು. ಅವನು ಸ್ಯಾಂಡ್‌ವಿಚ್ಚಿನ ಅರ್ಧ ಮುರಿದು ಕೊಟ್ಟ.

"ಫೋನ್ ರಿಂಗಾದ್ರೂ ಎದೆ ನಡುಗುತ್ತೆ, ಡೀನ್."

"ನಂಗೂ." ಅವನು ಕೈ ಒರೆಸಿಕೊಂಡ. "ಇನ್ನೊಂದು ಹೇಳ್ಬೇಕು. ಅದಕ್ಕೂ ಭಯ ಆಗ್ತಿದೆ. ಈ ಎಂಟು ದಿನ ನೀವು ಮಾತಾಡ್ಲಿಲ್ಲ ನೋಡಿ, ಬೇರೆಲ್ಲಕ್ಕಿಂತ ಅದೇ ಜಾಸ್ತಿ ಕಾಡ್ತು... ನಿಮ್ಮನ್ನ..."

ಮಾರ್ಗೋ ಅವನ ಭುಜಕ್ಕೆ ತಲೆ ಒರಗಿಸಿದಳು.

"ಹೇಳು," ಎಂದಳು, ಮೊದಲ ಸಲ ಏಕವಚನದಲ್ಲಿ. "ನಿಧಾನವಾಗಿ ಹೇಳು. ಕೇಳ್ತಾ ಇದೀನಿ."