ಕೊಬ್ಬರಿ ಅಟ್ಟದ ಸ್ಟುಡಿಯೋ

ಗಿಟಾರ್ ಹಿಡಿದ ಹುಡುಗರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ತೆಂಗಿನ ಮರಕ್ಕೆ ಒರಗಿ, ಕೂದಲು ಹಣೆಗೆ ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳಲು ಅದು ಬೇಕು, ನುಡಿಸಲಿಕ್ಕಲ್ಲ. ತಿಪಟೂರು ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ನಾನು ಪ್ರಚಾರದ ಆಟೋಗಳಿಗೆ ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡಿಕೊಡುತ್ತೇನೆ. ಸೀರೆ ಸೇಲು, ಕಣ್ಣಿನ ಶಿಬಿರ, ಎಲ್ಲಕ್ಕೂ ನನ್ನದೇ ದನಿ. ಹೆಸರು ಸೌಮ್ಯ. ಹೆಸರಿಟ್ಟ ಅಜ್ಜಿಗೆ ಮುಂದಾಗುವುದು ಗೊತ್ತಿರಲಿಲ್ಲ.

ಬಿಳಿಗೆರೆಯ ಉಜ್ವಲ್ ಬಂದದ್ದು ಆನ್‌ಲೈನಲ್ಲಿ ಅಗ್ಗಕ್ಕೆ ತರಿಸಿದ ಕೆಂಪು ಎಲೆಕ್ಟ್ರಿಕ್ ಗಿಟಾರ್ ಹೊತ್ತು.

"ಮೇಡಂ, ಇದು ಡಿಫೆಕ್ಟ್ ಪೀಸು ಅನ್ಸುತ್ತೆ. ಸದ್ದೇ ಬರಲ್ಲ."

ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಎಲ್ಲಿ ಎಂದು ಕೇಳಿದೆ. ಅಂಥದ್ದೊಂದು ಬೇಕೆಂದೇ ಗೊತ್ತಿರಲಿಲ್ಲ. ಕರೆಂಟಿಗೆ ಸಿಕ್ಕಿಸುವ ವೈರು ಬಾಕ್ಸಿನಲ್ಲಿ ಇರಲಿಲ್ಲ, ಅದಕ್ಕೇ ಮೂಕವಾಗಿದೆ ಅಂದುಕೊಂಡಿದ್ದನಂತೆ. ಇಂಥವರಿಗೂ ಡಿಗ್ರಿ ಕೊಡುತ್ತಾರೆ. ನನ್ನ ಬಳಿಯಿದ್ದ ಆಡಿಯೋ ಇಂಟರ್‌ಫೇಸಿಗೆ ಗಿಟಾರ್ ಸಿಕ್ಕಿಸಿದೆ. ವಾದ್ಯಕ್ಕೂ ಕಂಪ್ಯೂಟರಿಗೂ ನಡುವೆ ಕೂರುವ ಪುಟ್ಟ ಡಬ್ಬ ಅದು. ಪುಕ್ಕಟೆ ಸಿಗುವ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದು, ಹೆಡ್‌ಫೋನ್ ಹಾಕಿಸಿ, ಒಂದು ತಂತಿ ಮೀಟು ಅಂದೆ. ಸದ್ದು ಬಂದಾಗ ಅವನು ನೋಡಿದ ನೋಟಕ್ಕೆ, ಗಿಟಾರ್ ಕಂಡುಹಿಡಿದವಳೇ ನಾನು ಅನ್ನಬೇಕು. ಪೆದ್ದ ಅಂದುಕೊಂಡೆ. ರೆಪ್ಪೆ ಉದ್ದ ಇರುವುದೂ ಕಣ್ಣಿಗೆ ಬಿತ್ತು, ಆದರೆ ಎಮ್ಮೆಗೂ ಉದ್ದ ರೆಪ್ಪೆ ಇರುತ್ತದೆ.

ನುಡಿಸಲು, ರೆಕಾರ್ಡ್ ಮಾಡಲು ಕಲಿಸಿಕೊಡಿ ಎಂದು ದುಂಬಾಲು ಬಿದ್ದ. ನನ್ನ ಅಂಗಡಿಯಲ್ಲಿ ಹಾಡಿಗಿಂತ ಬಸ್ಸಿನ ಹಾರ್ನೇ ಹೆಚ್ಚು ರೆಕಾರ್ಡ್ ಆಗುತ್ತದೆ. ಮನೆಯ ಗೋಡೆಗೆ ಸದ್ದು ಹೀರುವ ಸ್ಪಂಜಿನ ಹಾಳೆ ತರಿಸಿ ಅಂಟಿಸುತ್ತೇನೆ, ಯೂಟ್ಯೂಬಿನಲ್ಲಿ ಹೇಳಿದ್ದಾರೆ ಎಂದ. ಅವರು ಹೇಳಿದರೆ ಬಾವಿಗೂ ಬೀಳುವ ಜಾತಿ ಇದು.

ಭಾನುವಾರ ಸ್ಕೂಟಿಯಲ್ಲಿ ಹೋಗಿ ನೋಡಿದೆ. ಮನೆಯ ಅರ್ಧಕ್ಕೆ ಕೊಬ್ಬರಿ ಅಟ್ಟ. ಸೀಳಿದ ಅಡಿಕೆ ಮರದ ದಬ್ಬೆ ಹಾಸಿದ ನೆಲದ ಮೇಲೆ ಒಣಗಲು ಬಿಟ್ಟ ಕಾಯಿ, ಸಿಪ್ಪೆ ಸಮೇತ ಸೂರು ಮುಟ್ಟುವಷ್ಟು. ಚಪ್ಪಾಳೆ ತಟ್ಟಿದೆ. ನಾರೆಲ್ಲ ಸದ್ದನ್ನು ನುಂಗಿಬಿಟ್ಟಿತು, ಮಾರ್ದನಿಯೇ ಇಲ್ಲ.

"ಸ್ಟುಡಿಯೋದಲ್ಲೇ ಹುಟ್ಟಿ ಸ್ಪಂಜು ತರಿಸ್ತೀರಲ್ರೀ," ಎಂದೆ.

ಅವನು ನಕ್ಕ. ಬೈದರೆ ನಗುವವನನ್ನು ಏನು ಮಾಡುವುದು?

ಕಾಯಿಗಳ ನಡುವೆ ಇಬ್ಬರು ಕೂರುವಷ್ಟು ಜಾಗ ಮಾಡಿದ. ಪ್ರತಿ ಭಾನುವಾರ ಹೋದೆ. ಅವನ ತಾಯಿ ದ್ರಾಕ್ಷಾಯಣಮ್ಮ ಕಾಫಿ ಕೊಟ್ಟು, ಮಗ ಉದ್ಧಾರವಾಗುತ್ತಾನಾ ಎಂದು ವಿಚಾರಿಸುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಅವನೇ ಬರೆದ ಹಾಡಿನಲ್ಲಿ ಚಂದ್ರ, ಮಲ್ಲಿಗೆ, ಜಿಂಕೆ ಮೂರೂ ಇದ್ದವು. ಜಿಂಕೆಯನ್ನು ಎಲ್ಲಿ ಕಂಡಿದ್ದೀರಿ ಎಂದರೆ ನನ್ನ ಕಣ್ಣನ್ನೇ ನೋಡುತ್ತಿದ್ದ. ತಾಳ ತಪ್ಪುತ್ತಿದ್ದ, ನಾನು ಅಳಿಸುತ್ತಿದ್ದೆ, ಅವನು ಮತ್ತೆ ನುಡಿಸುತ್ತಿದ್ದ. ತಂತಿ ಒತ್ತಿ ಕೆಂಪಾದ ಬೆರಳನ್ನು ಸರಿಯಾದ ಜಾಗದಲ್ಲಿ ಇಡಿಸುವಾಗ ನನ್ನ ಕೈ ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿರುತ್ತಿತ್ತು. ಅಟ್ಟದೊಳಗೆ ಏನು ಆಡಿದರೂ ಕೆಳಗೆ ಕೇಳುತ್ತಿರಲಿಲ್ಲ. ನಾನು ಆಡಿದ್ದೆಲ್ಲ ಬೈಗುಳ.

ಕಾಯಿ ಒಣಗಿತು. ಅವನ ತಂದೆ ರೇವಣಸಿದ್ದಯ್ಯನವರು ಆಳು ಕರೆಸಿ ಎಲ್ಲ ಇಳಿಸಿಬಿಟ್ಟರು. ಇನ್ನು ರೆಕಾರ್ಡಿಂಗ್ ಇಲ್ಲ, ನಾನು ಬರಲು ನೆಪವೂ ಇಲ್ಲ. ಅಟ್ಟದಲ್ಲಿ ಬಿಟ್ಟಿದ್ದ ನನ್ನ ಇಂಟರ್‌ಫೇಸ್ ಡಬ್ಬ ತೆಗೆದುಕೊಂಡು ಹೋಗಲು ಬಂದೆ. ಮೆಟ್ಟಿಲು ಹತ್ತುವಾಗ ಎರಡು ಸಲ ಕಣ್ಣೊರೆಸಿಕೊಂಡೆ. ಇಷ್ಟಕ್ಕೆಲ್ಲ ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಬಟಾಬಯಲಾದ ಅಟ್ಟದಲ್ಲಿ ಉಜ್ವಲ್ ನಿಂತಿದ್ದ. ಕೆಳಗೆ ಆಳುಗಳು ಚಿಪ್ಪು ಒಡೆಯುತ್ತಿದ್ದರು. ವೈರು ಸುತ್ತಿ ಕೈಗಿಟ್ಟವನು, ಎಂದಿನ ಹಾಗೆ ಮೆಲ್ಲಗೆ ಮಾತಾಡಿದ.

"ಹಾಡು ಹಾಳಾಗ್ಲಿ ಬುಡಿ. ನಿಮ್ಮನ್ನ ನೋಡ್ದೆ ಇರಕ್ಕಾಗಲ್ಲ ನಂಗೆ. ನನ್ನ ಮದ್ವೆ ಆಯ್ತೀರಾ?"

ಖಾಲಿ ಗೋಡೆಗಳು ಆ ಮಾತನ್ನು ದೊಡ್ಡದಾಗಿ ಮರುನುಡಿದವು. ದಬ್ಬೆ ಸಂದಿಯಿಂದ ಅದು ಕೆಳಗಿಳಿಯಿತು. ಚಿಪ್ಪು ಒಡೆಯುವ ಸದ್ದು ನಿಂತಿತು.

ಕಾಯಿ ತುಂಬಿದ್ದಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು, ಊರೆಲ್ಲ ಕೇಳುವ ದಿನ ನೋಡಿ ಬಾಯಿ ಬಿಟ್ಟಿದ್ದ. ಇಂಥ ದಡ್ಡ ಮೂರು ತಾಲ್ಲೂಕು ಹುಡುಕಿದರೂ ಸಿಗುವುದಿಲ್ಲ. ಈಗ ನಾನು ಮಾತು ಹಾರಿಸಿದರೆ, ಕೆಳಗಿರುವವರೆದುರು ಇವನ ಮಾನ ಹೋಗುತ್ತದೆ. ಮತ್ತೆಂದೂ ಕೇಳುವುದಿಲ್ಲ ಇವನು. ಅಂಗಡಿಗೆ ಹೋಗಿ ಸೀರೆ ಸೇಲು ಕೂಗಿಕೊಂಡು ನಾನು ಬದುಕಬಹುದು. ಆದರೆ ನನಗೆ ಈ ದಡ್ಡನೇ ಬೇಕಿತ್ತು.

ಆಟೋಗೆ ಕೂಗುವ ದನಿಯಲ್ಲೇ ಹೇಳಿದೆ. "ಆಯ್ತೀನಿ ಕಣೋ. ಇಷ್ಟು ದಿನ ಬೈಯೋಕಂತ ಬರ್ತಿದ್ದೆ ಅನ್ಕೊಂಡಿದ್ಯಾ?"

ಕೆಳಗಿನಿಂದ ರೇವಣಸಿದ್ದಯ್ಯನವರ ಗಂಟಲು ಕೇಳಿಸಿತು.

"ನಮ್ದೇನೂ ಅಡ್ಡಿ ಇಲ್ಲ ಕಣಮ್ಮ. ಆ ಹಾಡೊಂದ ಬುಡ್ಸು ಅವ್ನಿಗೆ."

"ಅದೊಂದು ಆಗಲ್ಲ ಮಾವ," ಎಂದೆ.

ಏನೆಂದು ಕರೆದೆನೆಂದು ನನಗೆ ಹೊಳೆದದ್ದು ಕೆಳಗೆ ಆಳುಗಳೆಲ್ಲ ನಕ್ಕ ಮೇಲೆ.