ಕಿತ್ತು ಬರುವ ಬಾಗಿಲು

"ಈ ಬಾಗಿಲಿಗೆ ಸ್ಕ್ರೂ ಹಾಕಿದ್ದು ಯಾರ್ರೀ?"

ಆಟದಕ್ಕನ ದನಿ ಅಷ್ಟು ಏರಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಹೊರಗಿನ ಬೆಂಚಿನಿಂದ ಬಡಗಿ ಎದ್ದು ನಿಂತ. ಕಿವಿಯ ಮೇಲೆ ಪೆನ್ಸಿಲ್, ಅಂಗಿಯ ತೋಳಿನ ಮೇಲೆ ಮರದ ಹೊಟ್ಟು.

"ನಾನೇ. ಗೊಂಬೆಮನೆ ಬಾಗಿಲು ಕಿತ್ತು ಬಿದ್ದಿತ್ತು. ಸುಮ್ನೆ ಕೂರೋ ಬದಲು ಸರಿ ಮಾಡಿದೆ. ಇನ್ನು ಆನೆ ಎಳೆದ್ರೂ ಬರಲ್ಲ!"

"ಅದೇ ಆಗಿರೋದು! ಮಗು ಕೈ ನೋಡಿ ಹೋಗಿ."

ಒಳಗೆ ಆರು ವರ್ಷದ ಗುಬ್ಬಿ ಗೊಂಬೆಮನೆಯ ಮುಂದೆ ಬೋರಲು ಬಿದ್ದು ಅಳುತ್ತಿದ್ದಳು. ಎಳೆದೂ ಎಳೆದೂ ಬೆರಳ ತುದಿಗಳು ಕೆಂಪಾಗಿದ್ದವು.

ಗುಬ್ಬಿ ಬಡಗಿಯ ಅಕ್ಕನ ಮಗಳು. ಆಸ್ಪತ್ರೆಯ ಬಾಗಿಲ ಆಚೆ ಹೋದ ತಾಯಿ ತಿರುಗಿ ಬರಲಿಲ್ಲ. ಅಂದಿನಿಂದ ಯಾರು ಬಾಗಿಲು ಮುಚ್ಚಿದರೂ ಗುಬ್ಬಿ ಅವರನ್ನು ಕಚ್ಚುತ್ತಿದ್ದಳು. 'ಪರೀಕ್ಷೆ ಬರುವುದರೊಳಗೆ ಸರಿಹೋಗದಿದ್ದರೆ ಕಳಿಸಬೇಡಿ' ಎಂದು ಶಾಲೆಯವರು ಕೈಚೆಲ್ಲಿದ್ದರು. ಅದಕ್ಕೇ ಸೋದರಮಾವ ಅವಳನ್ನು ಆಟದಕ್ಕನ ಬಳಿ ತಂದಿದ್ದ. ಮಕ್ಕಳ ಮನಸ್ಸಿನ ಗಂಟನ್ನು ಆಟದಲ್ಲೇ ಸಡಿಲಿಸುವುದು ಆಕೆಯ ಕೆಲಸ.

"ಅವಳು ಬಾಗಿಲು ಕೀಳ್ತಾಳೆ ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದ ಬಡಗಿ.

"ಒಳಗೆ ಆಡಿದ್ದು ಅವಳ ಗುಟ್ಟು. ನಾನು ಹೊರಗೆ ಹೇಳಲ್ಲ."

"ಹೌದು ಬಿಡಿ! ಮರ ಕೊಯ್ಯೋ ನಮಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ!"

ಗುಬ್ಬಿಯನ್ನು ಎತ್ತಿಕೊಂಡು ಹೊರಟೇಹೋದ.

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಟದಕ್ಕ ಖಾಲಿ ಬೆಂಚು ನೋಡುತ್ತ ನಿಂತಳು. 'ಗುಬ್ಬಿಗಾಗಿಯೇ ಇಷ್ಟು ಸಂಕಟವೋ... ಇಲ್ಲಿ ಕೂತು ಹಲಗೆ ಉಜ್ಜುತ್ತಿದ್ದವನಿಗಾಗಿಯೂ ಇದೆಯೋ?' ತನ್ನ ಮನಸ್ಸನ್ನು ತಾನೇ ಗದರಿಸಿಕೊಂಡಳು.

ಮೂರನೆಯ ವಾರ ಇಬ್ಬರೂ ಬಂದರು. ಬಡಗಿಯ ಅಂಗೈಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಬಾಗಿಲೊಂದಿತ್ತು.

"ಮನೇಲಿ ಬೀರು ಬಾಗಿಲು ಹಿಡಿದು ಎಳೀತಿದ್ಲು. ಬೈಲಿಲ್ಲ, ಕೂತು ನೋಡಿದೆ. ಮುರಿಯೋದು ಬೇಕಿಲ್ಲ ಇವಳಿಗೆ, ತೆರೆಯೋದು ಬೇಕು." ಬಾಗಿಲ ಮಗ್ಗುಲಿನ ಸಣ್ಣ ಕಡ್ಡಿಯನ್ನು ಬೆರಳಲ್ಲೇ ಎಳೆದು ತೋರಿಸಿದ. "ಕಡ್ಡಿ ತೆಗೆದ್ರೆ ಬಾಗಿಲು ಕಿತ್ತು ಬರುತ್ತೆ. ಹಾಕಿದ್ರೆ ಕೂರುತ್ತೆ."

"ಕೂರಿಸಿಕೊಡಿ."

"ಇಲ್ಲಪ್ಪ! ಒಂದು ಸಲ ಕೂರಿಸಿ ಬೈಸಿಕೊಂಡಿದ್ದು ಸಾಕು. ಗುಬ್ಬಿ ಕೈಗೇ ಕೊಡಿ."

ಆಕೆಗೆ ನಗುವೂ ಬಂತು, ಕಣ್ಣೂ ತುಂಬಿತು.

ಎಷ್ಟೋ ವಾರ ಗುಬ್ಬಿ ಆ ಬಾಗಿಲನ್ನು ಕಿತ್ತಳು, ಹಾಕಿದಳು. ಒಂದು ದಿನ ಅಮ್ಮನ ಗೊಂಬೆಯನ್ನು ಮನೆಯಿಂದ ದೂರ ಮರಳಿನಲ್ಲಿ ಮಲಗಿಸಿದಳು.

"ಅಮ್ಮ ಬರಲ್ಲ ಅಲ್ವಾ?"

"ಬರಲ್ಲ ಕಂದಾ."

"ಮಾವ?"

"ಹೊರಗೇ ಇದ್ದಾನೆ."

ಗುಬ್ಬಿ ಗೊಂಬೆಮನೆಗೆ ಬಾಗಿಲು ಕೂರಿಸಿ ಕಡ್ಡಿ ಹಾಕಿದಳು. ಆಮೇಲೆ ತಾನೇ ಬಾಗಿಲು ಮುಚ್ಚಿದಳು. ಶಾಲೆಯಲ್ಲೂ ಕಚ್ಚುವುದು ನಿಂತಿತು.

ಗುಬ್ಬಿ ಆಟಕ್ಕೆ ಬಂದ ಕೊನೆಯ ದಿನ ಬಡಗಿ ಬಾಗಿಲಲ್ಲೇ ತಡೆದು ನಿಂತ. "ಒಂದು ಮಾತು..."

"ಈಗ ಬೇಡ," ಎಂದಳು ಮೆಲ್ಲಗೆ. "ಗುಬ್ಬಿ ನನ್ನ ಹತ್ರ ಬರ್ತಿರೋವರೆಗೂ ನನ್ನ ಮನಸ್ಸು ನನ್ನದಲ್ಲ. ಇವತ್ತೂ ಬಂದಿದ್ದಾಳಲ್ಲ."

ಅವನು ತಲೆಯಾಡಿಸಿ ಹೋದ.

ವರ್ಷ ತುಂಬಿತು. ಗುಬ್ಬಿ ಮುಂದಿನ ತರಗತಿಗೆ ಹೋದಳು, ಇಲ್ಲಿಗೆ ಮತ್ತೆ ಬರಬೇಕಾಗಲಿಲ್ಲ. ಬೆಂಚಿನ ಮೇಲೆ ಬೇರೆ ಮಕ್ಕಳ ಮಾವಂದಿರು, ಅಜ್ಜಿಯರು ಕೂತರು, ಎದ್ದರು. 'ಮರೆತಿರಬೇಕು,' ಎಂದುಕೊಂಡಳು.

ಒಂದು ಸಂಜೆ ಕೊನೆಯ ಮಗುವನ್ನು ಕಳಿಸಿ ಹೊರಗೆ ನೋಡಿದರೆ... ಕಿವಿಯ ಮೇಲೆ ಪೆನ್ಸಿಲ್!

"ಇಷ್ಟು ದಿನ ಎಲ್ಲಿದ್ರಿ?"

"ಹೊರಗೇ ಇದ್ದೆ," ಎಂದ ಬಡಗಿ. "ನೀವು ಕರೆಯೋವರೆಗೂ ಬರಬಾರದು ಅಂತಿದ್ದೆ, ಆಗಲಿಲ್ಲ. ನನ್ನ ಜೊತೆ ಬಾಳ್ತೀರಾ?"

'ಹೊರಗೇ' ಎಂದು ಗುಬ್ಬಿಗೆ ತಾನು ಹೇಳಿದ್ದ ಮಾತು ನೆನಪಾಗಿ ಆಕೆಯ ಕಣ್ಣಿಂದ ನೀರು ಇಳಿಯಿತು.

"ಅಯ್ಯೋ, ಏನು ತಪ್ಪಾಡಿದೆ?"

"ತಪ್ಪಲ್ಲ. ಯಾಕೆ ಅಂತ ಹೇಳೋ ಹಾಗಿಲ್ಲ, ಗುಬ್ಬಿ ಗುಟ್ಟು." ಕಣ್ಣೊರೆಸಿಕೊಂಡು ದಾರಿ ಬಿಟ್ಟಳು. "ಬಾಳ್ತೀನಿ. ಒಳಗೆ ಬನ್ನಿ."

"ಬಾಗಿಲು?"

"ಮುಚ್ಚಿ, ಪರವಾಗಿಲ್ಲ."