ಸೋಮಯ್ಯ ಬಿಡದ ಸನ್ನೆಕೋಲು

"ಇನ್ನೊಂದು ದೊಡ್ಡ ಮಳೆ ಬಿದ್ರೆ ಏರಿ ನಿಲ್ಲಾಕಿಲ್ಲ. ಕರಿಕಲ್ಲು ಗುಡ್ಡದಾಗೆ ಬಿದ್ದಿರೋ ಪಟ್ಟಿಗಾಡಿ ತರ್ಬೇಕು. ಬ್ಯಾರೆ ದಾರಿ ಇಲ್ಲ," ಎಂದರು ಪಟೇಲ ದೊಡ್ಡಬೀರಯ್ಯ.

ಏರಿಯ ಮೇಲೆ ಸೇರಿದ್ದ ಜನ ಗುಡ್ಡದ ಕಡೆ ನೋಡಿದರು.

ಶೀಳನೆರೆ ಕಡೆಯ ಪುಟ್ಟ ಹಳ್ಳಿ ಅದು. ಹುಬ್ಬೆ ಮಳೆಗೆ ತೂಬಿನ ಪಕ್ಕದಲ್ಲಿ ಕೆರೆ ಏರಿ ಬಾಯಿ ಬಿಟ್ಟಿತ್ತು. ಅಲ್ಲಿ ತಡೆಗೆಂದು ನಿಲ್ಲಿಸಿದ್ದ ಆಳೆತ್ತರದ ಚಪ್ಪಡಿಗಳು ಉರುಳಿ, ಕೆಳಗಿನ ಕೆಸರಿನಲ್ಲಿ ಹೂತುಹೋಗಿದ್ದವು. ನಾಲ್ಕು ಜೊತೆ ಎತ್ತು ಕಟ್ಟಿ ಎಳೆದರೂ ಒಂದೂ ಅಲುಗಲಿಲ್ಲ. ಏರಿಯ ಬುಡದಲ್ಲೇ ತಗ್ಗುಕೇರಿ. ಅಲ್ಲಿಯ ಜನ ಪಾತ್ರೆ, ಒನಕೆ, ಕೋಳಿಬುಟ್ಟಿಗಳನ್ನು ಆಗಲೇ ಗಾಡಿಗೆ ಹೇರತೊಡಗಿದ್ದರು.

ಪಟ್ಟಿಗಾಡಿಯೆಂದರೆ, ಚಕ್ರದ ಬದಲು ಕಬ್ಬಿಣದ ಪಟ್ಟಿಗಳ ಮೇಲೆ ತೆವಳುವ ಹಳೆಯ ಟ್ರಾಕ್ಟರು. ಗುಡ್ಡದ ಕಲ್ಲುಗಣಿಗೆ ಗುತ್ತಿಗೆದಾರನೊಬ್ಬ ಅದನ್ನು ತಂದಿದ್ದ. ಓಡಿಸುತ್ತಿದ್ದವನು ತಗ್ಗುಕೇರಿಯ ಸೋಮಯ್ಯ. ಮೂರು ವರ್ಷದ ಹಿಂದೆ ಚಳಿಜ್ವರ ನೆತ್ತಿಗೇರಿ, ಗಾಡಿಯ ಮೇಲೆ ಕುಳಿತಲ್ಲೇ ಪ್ರಾಣ ಬಿಟ್ಟ. ಅವನ ಎರಡು ಕೈಗಳೂ ಗಾಡಿ ತಿರುಗಿಸುವ ಎರಡು ಸನ್ನೆಕೋಲುಗಳನ್ನು ಹಿಡಿದಿದ್ದವು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೆಣ ಇಳಿಸಬೇಕಾಯಿತು. ಗಣಿ ನಿಂತಿತು. ಎರಡು ವರ್ಷ ಕಳೆದು ಗಾಡಿ ಒಯ್ಯಲು ಬಂದ ಗುತ್ತಿಗೆದಾರನ ಕಡೆಯವರು ಎಂಜಿನ್ನನ್ನೇನೋ ಹಚ್ಚಿದರು. ಆದರೆ ಯಾವ ಕೋಲು ಎಳೆದರೂ ಗಾಡಿ ತಿರುಗಲಿಲ್ಲ. ನೇರ ಹೋಗಿ ಬಂಡೆಗೆ ಮುಖ ಕೊಟ್ಟು ನಿಂತಿತು. ಸೋಮಯ್ಯ ಒಳಗಿನಿಂದ ಹಿಡಿದುಕೊಂಡಿದ್ದಾನೆ ಎಂದು ಅವರು ಓಡಿಬಂದರು. ಮುಸ್ಸಂಜೆಗೆ ಅದರ ಸದ್ದು ಕೇಳಿಸುತ್ತದೆ ಎಂದು ಕುರಿ ಕಾಯುವವರೂ ಹೇಳುತ್ತಿದ್ದರು.

ಹೊರಟವರು ಮೂವರು. ಬೂಕನಕೆರೆಯಿಂದ ಕರೆಸಿದ್ದ ಶಿವಲಿಂಗಯ್ಯ. ಕನ್ನಂಬಾಡಿ ಕಟ್ಟೆಯ ಕೆಲಸದಲ್ಲಿ ಯಂತ್ರ ರಿಪೇರಿ ಮಾಡಿ ತಲೆ ನರೆಸಿಕೊಂಡವನು. ಎಂಜಿನ್ನಿಗೆ ಬೇಕಾದ ಸೀಮೆಎಣ್ಣೆ ಡಬ್ಬಗಳನ್ನು ಹೆಗಲ ಅಡ್ಡೆಯಲ್ಲಿ ಹೊರಲು ಸೋಮಯ್ಯನ ತಮ್ಮ ಹೊನ್ನಪ್ಪ. ಮೂರನೆಯವಳು ಸೋಮಯ್ಯನ ಹೆಂಡತಿ ಚಲುವಮ್ಮ. ಗಣಿಯ ದಾರಿ ಮುಳ್ಳು ಮುಚ್ಚಿಹೋಗಿತ್ತು. ಈಗ ಅದು ಗೊತ್ತಿದ್ದವಳು ಅವಳೊಬ್ಬಳೇ.

"ಎಂಗಸ್ಗೆ ಯಾಕವ್ವ ಆ ಕಾಡು?" ಎಂದರು ಪಟೇಲರು.

"ವರ್ಸಾವರ್ಸ ಓಗಿ ಬತ್ತೀನಿ ಬುಡಿ," ಎಂದು ಅವಳು ಕುಡುಗೋಲು ಸಿಕ್ಕಿಸಿಕೊಂಡು ಮುಂದೆ ನಡೆದಳು.

ಹೊಲಗಳು ಮುಗಿದ ಮೇಲೆ ನೆಲ ಏರತೊಡಗಿತು. ಮೊದಲು ಜಾಲಿ, ಆಮೇಲೆ ಕುರುಚಲು ಗಿಡಗಳ ಮೆಳೆ, ಅದರಾಚೆ ಒಂದರ ಮೇಲೊಂದು ಒರಗಿ ಕುಳಿತ ಆನೆಗಾತ್ರದ ಬಂಡೆಗಳು. ಬಂಡೆಗಳ ಸಂದಿಯಿಂದ ಬಾವಲಿಯ ವಾಸನೆ ಬರುತ್ತಿತ್ತು. ಎಲ್ಲೋ ಒಂದು ನವಿಲು ಕೂಗಲು ಶುರುಮಾಡಿ ನಡುವೆಯೇ ನಿಲ್ಲಿಸಿತು. ಸಂಜೆಗೆ ಪಾಳು ಮಂಟಪವೊಂದನ್ನು ಸೇರಿ ಅಲ್ಲೇ ತಂಗಿದರು. ಬೆಳಗ್ಗೆ ಎದ್ದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಚಲುವಮ್ಮ ಸವರಿದ ಮುಳ್ಳು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ.

ಕಲ್ಲುದೊಣೆಯ ಕೆಸರಿನಲ್ಲಿ ಕಿರುಬನ ಹೆಜ್ಜೆ ಹಸಿಯಾಗಿತ್ತು. ಹೊನ್ನಪ್ಪ ನೀರು ತುಂಬುವುದನ್ನು ಬಿಟ್ಟು ನೆಟ್ಟಗೆ ನಿಂತ.

"ಶಿವಲಿಂಗಣ್ಣ, ಈಗ್ತಾನೆ ಕುಡ್ದು ಓಗ್ಯದೆ!"

"ಓಯ್ತಲ್ಲ, ಸರಿ. ಬತ್ತಾ ಇದ್ರೆ ಯೋಳು," ಎಂದ ಶಿವಲಿಂಗಯ್ಯ.

ಗಣಿಯೊಳಗೆ ಕಾಲಿಟ್ಟಾಗ ಮಂಜು ಸೀಳಿತು. ಗಾಡಿ ಬಂಡೆಗೆ ಹಣೆ ಹಚ್ಚಿ ನಿಂತಿತ್ತು. ಪಟ್ಟಿಗಳ ನಡುವೆ ಬಳ್ಳಿ ಹಬ್ಬಿತ್ತು. ಮಳೆ ಬಿಸಿಲಿಗೆ ಬಿಟ್ಟ ಯಂತ್ರ ಕೆಂಪಾಗಿ ತುಕ್ಕು ಹಿಡಿಯಬೇಕು. ಇದಾದರೋ ಕಪ್ಪಗೆ ಮಿರುಗುತ್ತಿತ್ತು. ಕುಂಕುಮ ಹಚ್ಚಿತ್ತು. ಒಣಗಿದ ಚೆಂಡುಹೂವಿನ ಹಾರ ಸನ್ನೆಕೋಲುಗಳಿಗೆ ಸುತ್ತಿತ್ತು. ಈಗಷ್ಟೇ ಯಾರೋ ಇಳಿದುಹೋದಂತೆ ಕೂರುವ ಜಾಗದಲ್ಲಿ ಮಾತ್ರ ಒಂದು ಎಲೆಯೂ ಬಿದ್ದಿರಲಿಲ್ಲ.

ಹೊನ್ನಪ್ಪ ಚಪ್ಪಲಿ ಬಿಟ್ಟು ದೂರದಿಂದಲೇ ಕೈಮುಗಿದ.

ಶಿವಲಿಂಗಯ್ಯ ಕಿಡಿ ಹಾರಿಸುವ ಮ್ಯಾಗ್ನೆಟ್ಟೊ ಬಿಚ್ಚಿ ಬಿಸಿಲಿಗೆ ಒಣಗಿಸಿದ, ನೀರೂ ಸೀಮೆಎಣ್ಣೆಯೂ ತುಂಬಿದ, ಎಂಜಿನ್ನಿಗೆ ಹ್ಯಾಂಡಲ್ಲು ಹಾಕಿ ತಿರುಗಿಸಿದ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅದು ಕೆಮ್ಮಿ, ಹೊಗೆ ಉಗುಳಿ, ಗುಡ್ಡವೆಲ್ಲ ನಡುಗುವಂತೆ ಎದ್ದಿತು. ಗಾಡಿಯನ್ನು ಹಿಂದಕ್ಕೆ ತೆಗೆದು ಎಡಗೋಲು ಎಳೆದ. ತಿರುಗಲಿಲ್ಲ. ಬಲಗೋಲು ಎಳೆದ. ಅದೂ ಇಲ್ಲ.

"ಅಣ್ಣ ಹಿಡ್ಕೊಂಡವ್ನೆ!" ಎಂದು ಹೊನ್ನಪ್ಪ ಕಿರುಚಿದ. "ಬ್ಯಾಡ, ಬಂದ್ಬುಡು!"

"ಬಾಯ್ ಮುಚ್ಚಲೇ. ಎರಡು ಪಟ್ಟಿಗೂ ಒಂದೊಂದು ಕ್ಲಚ್ಚು ಅದೆ. ಎಡಗೋಲು ಎಳುದ್ರೆ ಎಡಗಡೆ ಬಿಲ್ಲೆಗಳು ಬಿಟ್ಕಬೇಕು. ಎಡಪಟ್ಟಿ ನಿಂತು ಗಾಡಿ ಅತ್ತ ತಿರುಗ್ತದೆ. ಬಿಲ್ಲೆ ಅಂಟ್ಕಂಡವೆ, ಅಷ್ಟೆ."

ಎಂಜಿನ್ನು ನಿಲ್ಲಿಸಿ ಕೂರುವ ಹಲಗೆಯ ಹಿಂದಿನ ಮುಚ್ಚಳ ಬಿಚ್ಚಿದ. ಒಳಗಿಂದ ಕಮಟು ವಾಸನೆ ಬಂತು. ಬೆರಳು ಹಾಕಿದರೆ ಹಲಸಿನ ಮೇಣದಂತೆ ಎಳೆ ಎಳೆಯಾಗಿ ಬಂತು. ನಡುವೆ ಕುಂಕುಮದ ಕೆಂಪು.

"ಹರಳೆಣ್ಣೆ," ಎಂದ. "ಇದ್ಯಾರು ಸುರಿದೋರು?"

ಚಲುವಮ್ಮ ಹತ್ತಿರ ಬಂದು ಇಣುಕಿದಳು. "ನಾನೇ. ಆಯುಧಪೂಜೆ ದಿನ. ಅವ್ರು ಇಲ್ಲೇ ಎಲ್ಲೋ ತೂತಿಗೆ ಎಣ್ಣೆ ಉಯ್ತಿದ್ರು. ಮನೇಲಿ ಗಾಣ ಆಡ್ಸಿದ್ದು ತಂದು ಉಯ್ದೆ. ಕೆಡಬಾರ್ದು ಅಂತ."

"ಅವನು ಉಯ್ತಿದ್ದುದು ಪಕ್ಕದ ತೂತ್ಗೆ ಕಣವ್ವ. ಇದು ಒಣಗಿರ್ಬೇಕಾದ ಜಾಗ."

ಅವಳು ಆ ಕಪ್ಪು ಗೂಡಿನೊಳಗೆ ತಾನೂ ಬೆರಳು ಹಾಕಿ ನೋಡಿದಳು. ಕೇಳಿದಳು, "ಅಂಗಾದ್ರೆ ಅವ್ರು ಹಿಡ್ಕೊಂಡಿಲ್ವಾ?"

"ಇಲ್ಲ ಕಣವ್ವ."

ಮೂರು ವರ್ಷ ಅವಳು ಈ ಗುಡ್ಡ ಹತ್ತಿದ್ದು ಆ ಕೈಗಳಿಗಾಗಿ. ಬೆದರಿ ಓಡಿದ ಜನ ಹೇಳಿದ್ದನ್ನು ಅವಳು ಬೆದರದೆ ನಂಬಿದ್ದಳು. ಈಗ ಅವಳ ಮುಖದಲ್ಲಿದ್ದುದು ಸಮಾಧಾನವೋ ಸಂಕಟವೋ ಹೇಳುವಂತಿರಲಿಲ್ಲ.

ಶಿವಲಿಂಗಯ್ಯ ಒಂದು ಡಬ್ಬ ಸೀಮೆಎಣ್ಣೆ ಸುರಿದು ಉಜ್ಜಿದ. ಮೇಣ ಕದಲಲಿಲ್ಲ. ಮಿಕ್ಕಿದ್ದನ್ನೂ ಸುರಿದರೆ ಗಾಡಿ ಊರು ಮುಟ್ಟುವುದಿಲ್ಲ. ಪಡುವಣದಲ್ಲಿ ಮೋಡ ಕಪ್ಪಗಾಗುತ್ತಿತ್ತು.

"ಹರಳೆಣ್ಣೆ ಜಿಡ್ಡಿಗೆ ಸೀಮೆಎಣ್ಣೆ ಹತ್ತಾಕಿಲ್ಲ," ಎಂದಳು ಚಲುವಮ್ಮ. "ದೀಪದ ಕಂಬ ಬೆಳಗೋದು ಕುದಿಯೋ ಬೂದಿನೀರಲ್ಲಿ."

"ಕ್ಲಚ್ಚಿಗೆ ನೀರಾ!" ಎಂದು ಶಿವಲಿಂಗಯ್ಯ ತಲೆ ಕೆರೆದುಕೊಂಡ. ಮೋಡ ನೋಡಿದ. "ಒನ್ನ, ಸೌದೆ ತಾರ್ಲಾ."

ಖಾಲಿ ಡಬ್ಬದಲ್ಲಿ ದೊಣೆಯ ನೀರು ಕುದಿಸಿ ಬೂದಿ ಕದಡಿದರು. ಸುರಿದರು, ಉಜ್ಜಿದರು, ಮತ್ತೆ ಸುರಿದರು. ಗಾಡಿಯ ಹೊಟ್ಟೆಯಿಂದ ಕಂದು ನೊರೆ ಇಳಿಯತೊಡಗಿತು. ಕೊನೆಗೆ ಕೋಲುಗಳನ್ನು ಹಿಂದಕ್ಕೆಳೆದು ಹಗ್ಗದಿಂದ ಬಿಗಿದು, ಎಂಜಿನ್ನು ಹಚ್ಚಿ, ಮುಂದಕ್ಕೆ ಹಿಂದಕ್ಕೆ ಜಗ್ಗಿಸಿದರು.

ಟಣ್!

ಬಲಗಡೆ ಬಿಟ್ಟಿತು. ಎಡಗಡೆ ಇಲ್ಲ. ಮತ್ತೆ ಜಗ್ಗಿದರು. ಟಣ್! ಒಳಗೆ ಯಾರೋ ನಿಟ್ಟುಸಿರು ಬಿಟ್ಟಂತೆ ಹಬೆ ಎದ್ದಿತು. ಎಡಗಡೆಯೂ ಬಿಟ್ಟಿತು. ಚಲುವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮುಚ್ಚಳ ಹಾಕದೆ ಹೊರಟರು, ಒಳಗೆ ಆರಬೇಕಿತ್ತು. ಮತ್ತೆ ಅಂಟಿದರೆ ಜಿಡ್ಡು ಹೀರಲು ಇರಲಿ ಎಂದು ಒಣಬೂದಿ ತುಂಬಿದ ಡಬ್ಬ ಹಿಡಿದು ಚಲುವಮ್ಮ ಗಾಡಿಯ ಹಿಂಬದಿಯ ಕಬ್ಬಿಣದ ಮೇಲೆ ನಿಂತಳು. ಹೊನ್ನಪ್ಪ ಮುಂದೆ ದಾರಿ ತೋರುತ್ತ ನಡೆದ.

ಗಣಿಯ ದಾರಿ ಗುಡ್ಡದ ಪಕ್ಕೆಯಲ್ಲಿ ಇಳಿಯುತ್ತ ಒಂದು ಕಡೆ ಎಡಕ್ಕೆ ಮುರಿಯುತ್ತದೆ. ಬಲಕ್ಕೆ ಕಮರಿ. ಕಮರಿಯ ತುಂಬ ಮಂಜು ಮತ್ತೆ ಏರಿ ನಿಂತಿತ್ತು.

ಶಿವಲಿಂಗಯ್ಯ ಎಡಗೋಲು ಎಳೆದ.

ಗಾಡಿ ಬಲಕ್ಕೆ ತಿರುಗಿತು.

"ಅಣ್ಣಾ!" ಹೊನ್ನಪ್ಪನ ಕೂಗು.

ಇಳಿಜಾರಿನ ಗುಣ ಅದು. ಬಿಟ್ಟುಕೊಂಡ ಪಟ್ಟಿ ಎಂಜಿನ್ನಿನ ತಡೆಯಿಲ್ಲದೆ ತಾನೇ ಮುಂದಕ್ಕೆ ಉರುಳುತ್ತದೆ. ಬ್ರೇಕು ಒತ್ತಿ ಅದನ್ನು ಹಿಡಿಯಬೇಕು. ಶಿವಲಿಂಗಯ್ಯನಿಗೆ ಗೊತ್ತಿತ್ತು, ಒತ್ತಿದ. ಬ್ರೇಕು ಜಾರಿತು. ಅದೇ ಗೂಡಿನೊಳಗಿದ್ದ ಅದಕ್ಕೂ ಜಿಡ್ಡು ಹತ್ತಿತ್ತು.

ಬಲಪಟ್ಟಿಯ ಮೂತಿ ಅಂಚು ದಾಟಿತು. ಕಲ್ಲುಗಳು ಮಂಜಿನೊಳಗೆ ಬಿದ್ದವು. ತಳ ಮುಟ್ಟಿದ ಸದ್ದು ಬರಲಿಲ್ಲ.

"ಬೂದಿ! ಎಡಗಡೆ ಗೂಡಿಗೆ!"

ಚಲುವಮ್ಮ ಒಂದು ಕೈಯಲ್ಲಿ ಹಲಗೆ ತಬ್ಬಿ, ಇನ್ನೊಂದು ಕೈಯಿಂದ ಡಬ್ಬವನ್ನೇ ಗೂಡಿಗೆ ಬೋರಲು ಮಾಡಿದಳು. ಬೂದಿ ಹಾರಿ ಕಣ್ಣು ತುಂಬಿತು. ಕುರುಡಾಗಿ ಮುಂದಕ್ಕೆ ಕೈ ಚಾಚಿ, ಶಿವಲಿಂಗಯ್ಯ ಹಿಡಿದಿದ್ದ ಕೋಲನ್ನೇ ತಾನೂ ಹಿಡಿದು ಎಳೆದಳು. ಕಬ್ಬಿಣ ಬೆಚ್ಚಗಿತ್ತು.

ಬ್ರೇಕು ಕಿರುಗುಟ್ಟಿ ಕಚ್ಚಿತು. ಗಾಡಿ ನಡುಗಿ, ನಿಂತಲ್ಲೇ ಎಡಕ್ಕೆ ಹೊರಳಿ, ದಾರಿಗೆ ಬಂತು.

ಕೆಳಗಿನ ಸಮತಟ್ಟಿಗೆ ಬಂದ ಮೇಲೆ ಹೊನ್ನಪ್ಪ ಬಿಳಿಚಿಕೊಂಡ ಮುಖದಲ್ಲಿ ಹೇಳಿದ, "ಅಲ್ಲಿ ತಿರುವಲ್ಲಿ... ಗಾಡಿ ಮ್ಯಾಲೆ ನೀವಿಬ್ರಲ್ಲ, ಮೂರು ಜನ ಕಂಡ್ರು."

"ಹೊಗೆ ಕಣ್ಲಾ," ಎಂದ ಶಿವಲಿಂಗಯ್ಯ. ಆದರೆ ಅವನು ತಿರುಗಿ ನೋಡಲಿಲ್ಲ. ಚಲುವಮ್ಮ ಸೆರಗಿನಿಂದ ಕೋಲಿನ ಮೇಲಿನ ಬೂದಿ ಒರೆಸಿದಳು.

ಮರುದಿನ ಮಧ್ಯಾಹ್ನ ಪಟ್ಟಿಗಾಡಿ ಕೆರೆ ಏರಿಯ ಬಳಿ ಬಂದಾಗ ಜನ ದಾರಿ ಬಿಟ್ಟು ನಿಂತರು. ತಗ್ಗುಕೇರಿಯ ಮಾರಮ್ಮ ಎಂಬ ಮುದುಕಿಯೊಬ್ಬಳು ಮಾತ್ರ ಗದರಿದಳು: "ನೋಡ್ತಾ ನಿಂತ್ಕಂಡ್ರೆ ಕಲ್ಲು ಏಳ್ತದಾ? ಸರಪಳಿ ಬಿಗೀರೋ!" ಬಿಗಿದರು. ಗಾಡಿ ಏರಿಯನ್ನು ಕಚ್ಚಿ ಹತ್ತಿತು. ಕೆಸರು ಬಾಯ್ಬಿಟ್ಟು ಮೊದಲ ಚಪ್ಪಡಿಯನ್ನು ಉಗುಳಿತು. ಒಂದಾದ ಮೇಲೊಂದು ಎದ್ದು ಬಂದು ಬಿರುಕಿಗೆ ಅಡ್ಡ ನಿಂತವು. ಹೆಂಗಸರು ಗಂಡಸರೆಲ್ಲ ಸಂದಿಗೆ ಮಣ್ಣು ತುಂಬಿ ತುಳಿದರು. ಕೊನೆಯ ಬುಟ್ಟಿ ಮಣ್ಣು ಬೀಳುವಾಗ ಮಳೆಯೂ ಬಿತ್ತು.

ನೀರು ಏರಿತು. ಚಪ್ಪಡಿಯ ಸೊಂಟ ಮುಟ್ಟಿತು, ಎದೆ ಮುಟ್ಟಿತು. ಜನ ಗೋಣಿ ಕೊಪ್ಪೆ ಹೊದ್ದು ನೋಡುತ್ತ ನಿಂತರು. ನೀರು ಅಲ್ಲೇ ನಿಂತಿತು.

"ಏರಿ ಹಿಡೀತು," ಎಂದರು ದೊಡ್ಡಬೀರಯ್ಯ ಮೆಲ್ಲಗೆ.

ಆದರೂ ತಗ್ಗುಕೇರಿಗೆ ಇಳಿಯಲು ಯಾರೂ ಮುಂದಾಗಲಿಲ್ಲ. ತಲೆಯ ಮೇಲೆ ಅಷ್ಟು ನೀರು ಕಟ್ಟಿಕೊಂಡು ಯಾರು ಮಲಗುತ್ತಾರೆ? ಚಲುವಮ್ಮ ಎತ್ತಿನ ಗಾಡಿಯಿಂದ ತನ್ನ ಪಾತ್ರೆಗಳನ್ನು ಇಳಿಸಿ ಕಂಕುಳಲ್ಲಿಟ್ಟುಕೊಂಡಳು. ಏರಿ ಇಳಿದು, ಸೊಂಟ ಬಗ್ಗಿಸಿ ತನ್ನ ಮನೆಯ ಬಾಗಿಲು ದಾಟಿದಳು. ಸ್ವಲ್ಪ ಹೊತ್ತಿಗೆ ಆ ಸೂರಿನಿಂದ ಒಲೆಯ ಹೊಗೆ ಎದ್ದಿತು.

ಮೇಲಿದ್ದವರು ಅದನ್ನು ನೋಡಿದರು. ಆಮೇಲೆ ಮಾರಮ್ಮ ಕೋಳಿಬುಟ್ಟಿ ಎತ್ತಿಕೊಂಡಳು.